ಬಾಡಿಗಿ ಮನಿ ಮಾಡಬೇಕಂತೀರಾ? ಮೊದ್ಲು ಸಂಪಿನ ಮುಚ್ಚಳ ತೆಗದು ನೋಡ್ರಿ

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲಾ ಸೇರಿಸಿ ನೋಡಿದ್ರ ಅರ್ಧಕ್ಕರ್ಧ ಒಂದೇ ವಿಷಯ, ಬಾಡಿಗಿ ಮನಿ. ಕೈಯಾಗ ಸ್ವಲ್ಪ ದುಡ್ಡು ಐತಿ, ಬ್ಯಾಂಕಿನ್ಯಾಗ ಇಟ್ರ ಬೆಳೆಯಂಗಿಲ್ಲ, ಶೇರು ಅಂದ್ರ ಎದಿ ಹೊಡ್ಕೊಂತೈತಿ, ಒಂದು ಮನಿ ತಗೊಂಡು ಬಾಡಿಗಿಗೆ ಬಿಟ್ರ ಹೆಂಗ್ರಿ ಮೇಡಂ ಅಂತ ಕೇಳೀರಿ. ನಾನು 28 ವರ್ಷ ಬ್ಯಾಂಕಿನ್ಯಾಗ ಮನಿ ಸಾಲದ ಫೈಲು ನೋಡಿದಾಕಿ, ಈಗ ಬಳ್ಳಾರ್ಯಾಗ ಎರಡು ಬಾಡಿಗಿ ಮನಿ ನಡಸಾಕಿ, ಹಂಗಾಗಿ ಫೈಲಿನ ಈ ಕಡಿನೂ ಗೊತ್ತು ಆ ಕಡಿನೂ ಗೊತ್ತು. ಐದು ಪ್ರಶ್ನಿ ಆರಿಸೀನಿ. ಮೊದಲ್ನೇದಕ್ಕ ಜಾಸ್ತಿ ಬರದೀನಿ, ಯಾಕಂದ್ರ ಉಳಿದವ್ರು ಕೇಳಿದ್ದರಾಗಿನ ಅರ್ಧ ಅದರಾಗ ಬರ್ತೈತಿ.

ಪ್ರಶ್ನೆ: ನಾವು ಗಂಡ ಹೆಂಡ್ತಿ ಇಬ್ರೂ ಶಾಲಿ ಶಿಕ್ಷಕರು. ಬಳ್ಳಾರ್ಯಾಗ 30x40 ಸೈಟಿನ್ಯಾಗ ಸ್ವಂತ ಮನಿ ಐತಿ, ಗ್ರೌಂಡ್ ಫ್ಲೋರ್ ಅಷ್ಟೇ. 18 ಲಕ್ಷ ಉಳಿಸೀವಿ. ಸಿರುಗುಪ್ಪ ರೋಡ್ ಕಡಿ ಹೊಸ ಲೇಔಟಿನ್ಯಾಗ 45 ಲಕ್ಷಕ್ಕ ಡಬಲ್ ಬೆಡ್‌ರೂಮ್ ಮನಿ ಬಂದೈತಿ. 30 ಲಕ್ಷ ಸಾಲ ಮಾಡ್ರಿ, ಬಾಡಿಗಿನೇ ಇಎಂಐ ಕಟ್ಟತೈತಿ ಅಂತ ಬ್ರೋಕರ್ ಹೇಳ್ತಾನ. ಆ ಕಡಿ ಬಾಡಿಗಿ 12 ಸಾವಿರ ನಡದೈತಿ. ತಗೊಳ್ಳಬೇಕಾ?

ಉತ್ತರ: ಕಟ್ಟಂಗಿಲ್ರಿ, ಆ ಮಾತು ಸುಳ್ಳು. ಒಂದು ಹಾಳಿ ತಗೊಂಡು ಇಬ್ರೂ ಕುಂತು ಬರೀರಿ. 30 ಲಕ್ಷ, ಎಂಟೂವರೆ ಪರ್ಸೆಂಟ್ ಬಡ್ಡಿ, 20 ವರ್ಷ ಅಂದ್ರ ಇಎಂಐ ಹತ್ರಹತ್ರ 26,035 ರೂಪಾಯಿ ಬರ್ತೈತಿ, ಬಾಡಿಗಿ 12 ಸಾವಿರ, ಉಳಿದ 14 ಸಾವಿರ ತಿಂಗಳಾ ತಿಂಗಳಾ ನಿಮ್ಮ ಪಗಾರದಾಗಿಂದ ಹೋಗಬೇಕು, ಅದೂ ಮನಿ ಒಂದು ತಿಂಗಳೂ ಖಾಲಿ ಇಲ್ಲದಿದ್ರ. ಇನ್ನ ನೋಂದಣಿ ಖರ್ಚು ಮರೀಬ್ಯಾಡ್ರಿ. ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮ್ಯಾಲೆ ಸೆಸ್ಸು ಸರ್ಚಾರ್ಜು, ಮತ್ತ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೀಗೆ 1 ಪರ್ಸೆಂಟಿನಿಂದ 2 ಆತು, ಎಲ್ಲಾ ಸೇರಿ ನಗರದಾಗ 7.6 ಪರ್ಸೆಂಟ್. 45 ಲಕ್ಷಕ್ಕ 3 ಲಕ್ಷ 42 ಸಾವಿರ. ಇದಕ್ಕ ಬ್ಯಾಂಕು ಸಾಲ ಕೊಡೂದು ಕಷ್ಟ, ನಿಮ್ಮ ಕೈಲಿಂದನೇ ಹೋಗಬೇಕು. ಮ್ಯಾಲೆ 15 ಲಕ್ಷ ಕೊಟ್ರ ನಿಮ್ಮ 18 ಲಕ್ಷ ಅಲ್ಲಿಗೇ ಮುಗದು ಇನ್ನ ಸ್ವಲ್ಪ ಕೈಸಾಲ ಆಗ್ತೈತಿ. ನಾಳಿ ಮನ್ಯಾಗ ಯಾರಿಗಾದ್ರೂ ಆಸ್ಪತ್ರಿ ಖರ್ಚು ಬಂತಂದ್ರ ಏನ್ ಮಾಡ್ತೀರಿ?

ಈಗ ಬಾಡಿಗಿ ಲೆಕ್ಕ. ವರ್ಷಕ್ಕ 11 ತಿಂಗಳದ ಬಾಡಿಗಿ ಅಂತ ಹಿಡೀರಿ, ಒಬ್ರು ಹೋಗಿ ಇನ್ನೊಬ್ರು ಬರೋದ್ರಾಗ ಒಂದು ತಿಂಗಳು ಹೋಗೇ ಹೋಗ್ತೈತಿ. 1,32,000 ಆತು. ಅದರಾಗ ಮನಿ ತೆರಿಗಿ, ಸುಣ್ಣ ಬಣ್ಣ, ಮೋಟರ್ ರಿಪೇರಿ ಅಂತ 20 ಸಾವಿರ ತೆಗೀರಿ. ಉಳಿಯೋದು 1,12,000. ನೀವು ಹಾಕಿದ್ದು ನೋಂದಣಿ ಸೇರಿ 48 ಲಕ್ಷ 42 ಸಾವಿರ. ನೂರಕ್ಕ 2 ರೂಪಾಯಿ 30 ಪೈಸಾ ಬಿತ್ತು. ಎಂಟೂವರೆಗೆ ಸಾಲ ತಂದು ಎರಡೂವರೆನೂ ಬರದಿರೋ ಕಡಿ ಹಾಕ್ದಂಗ. ಮನಿ ರೇಟು ಏರ್ತೈತಿ ಅನ್ನೋ ಒಂದೇ ಆಸಿ ಮ್ಯಾಲೆ 20 ವರ್ಷ ಇಎಂಐ ಕಟ್ಟೂದು ಇದು. ಏರಬಹುದು, ಆದ್ರ ಅದನ್ನ ಬಾಡಿಗಿ ಆದಾಯ ಅಂತ ಕರೀಬ್ಯಾಡ್ರಿ.

ಇನ್ನೊಂದು ಮಾತು, ಆ ಕಡಿ ಭೂಮಿ ಎರಿ, ಅಂದ್ರ ಕರೇ ಮಣ್ಣು. ಎರಿ ಮಣ್ಣು ಮಳಿಗಾಲದಾಗ ನೀರು ಕುಡದು ಉಬ್ಬತೈತಿ, ಬ್ಯಾಸಗ್ಯಾಗ ಒಣಗಿ ಕೈ ಹೋಗುವಷ್ಟು ಬಿರುಕು ಬಿಡತೈತಿ, ಇದು ಹೊಲದೋರಿಗೆ ಹೇಳೋದು ಬ್ಯಾಡ. ಅದೇ ಮಣ್ಣಿನ ಮ್ಯಾಲೆ ಪಾಯ ಸರಿ ಹಾಕದ ಮನಿನೂ ಹಂಗೇ ಮ್ಯಾಲೆ ಕೆಳಗ ಆಗ್ತಿರತೈತಿ. ಮಾರೋ ಸಲುವಾಗಿ ಕಟ್ಟಿದ ಮನಿಗೆ ಹೊಸಾ ಬಣ್ಣ ಹೊಡದಿರ್ತಾರ, ಅದಕ್ಕ ಮರುಳಾಗಬ್ಯಾಡ್ರಿ. ಕಿಟಕಿ ಮೂಲಿಯಿಂದ ಓರಿ ಬಿದ್ದ ಬಿರುಕು ಐತೇನು ನೋಡ್ರಿ, ಬಾಗಲಾ ನೆಲಕ್ಕ ಉಜ್ಜತೈತೇನು ತೆಗದು ಹಾಕಿ ನೋಡ್ರಿ, ಪಾಯದಾಗ ಎರಿ ಮಣ್ಣು ತೆಗದು ಮರಂ ತುಂಬ್ಯಾರೇನು, ಪ್ಲಿಂತ್ ಬೀಮ್, ಅಂದ್ರ ಪಾಯದ ಮ್ಯಾಲಿನ ಕಾಂಕ್ರೀಟ್ ಪಟ್ಟಿ, ಹಾಕ್ಯಾರೇನು ಅಂತ ಕಟ್ಟಿದ ಮೇಸ್ತ್ರಿನ್ನ ಕೇಳ್ರಿ, ಬ್ರೋಕರ್‌ನ್ನ ಅಲ್ಲ. ಒಂದು ಮಳಿಗಾಲ ಕಳದ ಮನಿ ಆದ್ರ ಇನ್ನೂ ಚಲೋ, ಅದರ ಗ್ವಾಡಿನೇ ಹೇಳತೈತಿ.

ಮತ್ತ ನೀರು. ಇದನ್ನ ನಾನು ಪೆಟ್ಟು ತಿಂದು ಕಲ್ತೀನಿ. 2009ರಾಗ ಮೊದಲ್ನೇ ಬಾಡಿಗಿ ಮನಿ ತಗೊಂಡಾಗ ಟೈಲ್ಸ್ ನೋಡ್ದೆ, ಅಡಗಿ ಮನಿ ಕಟ್ಟಿ ನೋಡ್ದೆ, ದೇವರ ಮನಿ ಬಾಗಲಾ ನೋಡ್ದೆ, ಸಂಪಿನ ಮುಚ್ಚಳ ತೆಗದು ನೋಡ್ಲಿಲ್ಲ. ನಮ್ಮ ಊರಾಗ ನಲ್ಲಿ ನೀರು ದಿನಾ ಬರಂಗಿಲ್ಲ ಅನ್ನೋದು ಹುಟ್ಟಿದಾಗಿಂದ ಗೊತ್ತಿದ್ರೂ ನೋಡ್ಲಿಲ್ಲ. ಆ ಸಂಪು ಮೂರಡಿ ಆಳ, ಹಂಡೆ ಇದ್ದಂಗ. ಎರಡು ವರ್ಷದಾಗ ಐದು ಸಂಸಾರ ಬಂದು ಹೋದ್ವು. ಐದನೇ ಹೆಣ್ಮಗಳು ಕೀಲಿ ಕೈ ಕೊಡುವಾಗ, ಅಕ್ಕಾ ಮನಿ ಭಾಳ ಚಲೋ ಐತ್ರಿ ಆದ್ರ ನೀರಿಂದೇ ನನಗ ನಿದ್ದಿ ಇಲ್ರಿ, ರಾತ್ರಿ ಎರಡಕ್ಕ ಎದ್ದು ನಲ್ಲಿ ಕಾಯ್ತೀನಿ ಅಂದ್ಲು, ಕಣ್ಣಾಗ ನೀರಿತ್ತು ಆಕಿಗೆ. ಆ ವಾರನೇ ಅಂಗಳ ಅಗಿಸಿದೆ. 8 ಅಡಿ ಉದ್ದ, 6 ಅಡಿ ಅಗಲ, 7 ಅಡಿ ಆಳ, ಹೆಚ್ಚೂಕಡಿಮಿ 9,500 ಲೀಟರ್ ಹಿಡೀತೈತಿ. ನಾಲ್ಕು ಮಂದಿ ದಿನಕ್ಕ 400 ಲೀಟರ್ ಬಳಸಿದ್ರೂ 20 ದಿನ ದಾಟತೈತಿ. ಆಮ್ಯಾಲೆ ಬಂದ ಸಂಸಾರ ಆರು ವರ್ಷ ಇದ್ರು. ಈಗ ಯಾವ ಮನಿ ನೋಡಾಕ ಹೋದ್ರೂ ಮೊದ್ಲು ಮುಚ್ಚಳ ತೆಗಸ್ತೀನಿ, ಮೊಬೈಲ್ ಟಾರ್ಚ್ ಹಾಕಿ ಒಳಗಿನ ಗ್ವಾಡಿ ಮ್ಯಾಲೆ ನೀರಿನ ಕಲಿ ಎಲ್ಲಿ ತನಕ ಐತಿ ನೋಡ್ತೀನಿ. ಆ ಗೆರಿ ಸುಳ್ಳು ಹೇಳಂಗಿಲ್ಲ. ಸಂಪು ಏಳಡಿ ಇದ್ದು ಗೆರಿ ಎರಡಡಿಗೆ ನಿಂತಿತ್ತಂದ್ರ ಆ ಓಣಿಗೆ ನೀರಿನ ಪ್ರೆಶರ್ ಇಲ್ಲ ಅಂತ ತಿಳೀರಿ.

ನೀವು ಕೇಳದಿದ್ರೂ ಹೇಳ್ತೀನಿ, ನಿಮಗ ಇದಕ್ಕಿಂತ ಚಲೋ ದಾರಿ ನಿಮ್ಮ ತಲಿ ಮ್ಯಾಲೇ ಐತಿ. ಸ್ವಂತ ಮನಿ ಮ್ಯಾಲೆ ಒಂದು ಪೋರ್ಷನ್ ಎತ್ತರಿ. ಮೇಸ್ತ್ರಿ ಸ್ಕ್ವೇರ್ ಫೀಟಿಗೆ 2,000 ಅಂದ್ರ 800 ಸ್ಕ್ವೇರ್ ಫೀಟಿಗೆ 16 ಲಕ್ಷ. ಸೈಟಿಗೆ ರೊಕ್ಕ ಕೊಡಂಗಿಲ್ಲ, ನೋಂದಣಿ ಇಲ್ಲ, ಸಾಲ ಇಲ್ಲ. 10 ಸಾವಿರ ಬಾಡಿಗಿ ಬಂದ್ರ 11 ತಿಂಗಳಿಗೆ 1,10,000, ಖರ್ಚು ತೆಗದ್ರೂ ನೂರಕ್ಕ ಐದೂವರೆ ಮ್ಯಾಲೆ. ಆದ್ರ ಕೆಳಗಿನ ಪಾಯ, ಪಿಲ್ಲರ್ ತಡೀತಾವೇನು ಅಂತ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಸ್ರಿ, ಮಹಾನಗರ ಪಾಲಿಕಿ ಪರವಾನಗಿ ತಗೊಳ್ರಿ. ಮೆಟ್ಲು ಹೊರಗಿಂದ ಇರ್ಲಿ, ನಿಮ್ಮ ಹಾಲ್ ದಾಟಿ ಮ್ಯಾಲೆ ಹೋಗೋ ಮನಿಗೆ ಸಂಸಾರಸ್ಥರು ಬರಂಗಿಲ್ಲ. ಕರೆಂಟ್ ಮೀಟರ್ ಬ್ಯಾರೆ ಹಾಕಸ್ರಿ, ಟ್ಯಾಂಕ್ ಬ್ಯಾರೆ ಇಡ್ರಿ. ಸಂಪು ಮಾತ್ರ ಎರಡು ಮನಿಗೆ ಆಗುವಷ್ಟು ದೊಡ್ಡದು ಮಾಡ್ರಿ.

ಪ್ರಶ್ನೆ: ಕೊಪ್ಪಳದ ಹತ್ರ ಪಂಚಾಯ್ತಿ ಹದ್ದಿನ್ಯಾಗ ಕಟ್ಟಿದ ಎರಡು ಮನಿ ಅಗ್ಗಕ್ಕ ಸಿಗ್ತಾವ. ಫ್ಯಾಕ್ಟರಿ ಕೆಲಸದೋರು ಬಾಡಿಗಿಗೆ ಬರ್ತಾರ. ಕಾಗದ ಎಲ್ಲಾ ಕ್ಲಿಯರ್, ಇ-ಸ್ವತ್ತು (ಪಂಚಾಯ್ತಿ ಆಸ್ತಿಯ ಆನ್‌ಲೈನ್ ದಾಖಲಿ) ಆಗೈತಿ ಅಂತಾರ. ಏನೇನು ನೋಡಬೇಕು?

ಉತ್ತರ: ಇ-ಸ್ವತ್ತು ಆಗೈತಿ ಅನ್ನೋ ಮಾತಿಗೆ ನಿಲ್ಲಬ್ಯಾಡ್ರಿ, ಯಾವ ನಮೂನಿ ಅಂತ ಕೇಳ್ರಿ. ನಮೂನೆ 9 ಮತ್ತ 11-ಎ ಇದ್ರ ಒಂದು ಮಾತು, 11-ಬಿ ಇದ್ರ ಇನ್ನೊಂದು. 11-ಬಿ ಅಂದ್ರ ಪಂಚಾಯ್ತಿ ತೆರಿಗಿ ತಗೊಳ್ಳಾಕ ಬರಕೊಂಡೈತಿ ಅಷ್ಟೇ, ಲೇಔಟು ಸಕ್ರಮ ಆತು ಅಂತ ಅಲ್ಲ. ಸಾಲಕ್ಕ ಹೋದಾಗ ಮ್ಯಾನೇಜರ್ ಅದೊಂದು ಅಕ್ಷರ ನೋಡಿನೇ ಫೈಲ್ ಬದಿಗಿಡ್ತಾರ, ನಾಳಿ ನೀವು ಮಾರುವಾಗ ತಗೊಳ್ಳೋರಿಗೂ ಹಂಗೇ ಆಗ್ತೈತಿ. ಅಗ್ಗ ಇರೋದು ಅದಕ್ಕೇ ಇರಬಹುದು.

ಮನಿ ಕಾಗದ ನೋಡಿದ್ರ ಸಾಲಂಗಿಲ್ಲ, ಮನಿ ಕೆಳಗಿನ ಹೊಲದ ಕಾಗದ ನೋಡಬೇಕು. ಹೊಲನ್ನ ಕೃಷಿಯೇತರ ಮಾಡಿ ಡಿಸಿ ಕೊಟ್ಟ ಎನ್‌ಎ ಆರ್ಡರ್ ಕೇಳ್ರಿ, ಲೇಔಟ್ ನಕ್ಷಿ ಮಂಜೂರಾತಿ ಕೇಳ್ರಿ, ಅದಕ್ಕಿಂತ ಹಿಂದಿನ ಹಳೇ ಪಹಣಿ ತೆಗಸ್ರಿ. ಆ ಹೊಲ ಹಿಂದ ಸರ್ಕಾರ ಎಸ್‌ಸಿ, ಎಸ್‌ಟಿ ಜನರಿಗೆ ಮಂಜೂರು ಮಾಡಿದ್ದು ಆಗಿದ್ರ 1978ರ ಪಿಟಿಸಿಎಲ್ ಕಾಯ್ದಿ ಅಡ್ಡ ಬರ್ತೈತಿ. ಸರ್ಕಾರದ ಅನುಮತಿ ಇಲ್ಲದ ಮಾರಾಟ ನಡಿಯಂಗಿಲ್ಲ, 2023ರ ತಿದ್ದುಪಡಿ ಆದ್ಮ್ಯಾಲೆ ಇಷ್ಟು ವರ್ಷ ಆಗೈತಿ ಬಿಡ್ರಿ ಅನ್ನೋದನ್ನ ನಂಬಿ ಕುಂದ್ರಾಕೂ ಆಗಂಗಿಲ್ಲ. ಆ ಭೂಮಿ ಅವ್ರದು, ಅವ್ರಿಗೆ ಹೋಗಬೇಕಾದ್ದೇ, ಅದ್ರ ಮ್ಯಾಲೆ ಮನಿ ತಗೊಂಡು ನೀವು ನಡುವ ಸಿಗಬ್ಯಾಡ್ರಿ.

ಪಿತ್ರಾರ್ಜಿತ ಹೊಲ ಆಗಿದ್ರ ಅಕ್ಕ ತಂಗೇರು ಎಷ್ಟು ಮಂದಿ ಅಂತ ಕೇಳ್ರಿ, ಎಲ್ಲಾರ ಸಹಿ ಬಿದ್ದೈತೇನು ನೋಡ್ರಿ. ಹಿಂದೂ ಉತ್ತರಾಧಿಕಾರ ಕಾಯ್ದಿಯ 2005ರ ತಿದ್ದುಪಡಿ ಪ್ರಕಾರ ಹೆಣ್ಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು, 2020ರಾಗ ಸುಪ್ರೀಂ ಕೋರ್ಟು, ಆ ತಿದ್ದುಪಡಿ ಬಂದಾಗ ತಂದಿ ಬದುಕಿರ್ಲಿ ಬಿಡ್ಲಿ, ಪಾಲು ಐತಿ ಅಂತ ಹೇಳೈತಿ. ನಮ್ಮ ಕಡಿ ಈಗ್ಲೂ ತಂಗಿಗೆ ಅರಿಷಿಣ ಕುಂಕುಮಕ್ಕ ಅಂತ ಏನೋ ಒಂದಿಷ್ಟು ಕೊಟ್ಟು ಸಹಿ ಕೇಳದೇ ಮಾರೋರು ಅದಾರ, ಆಮ್ಯಾಲೆ ಕೇಸ್ ಬಿದ್ದಾಗ ಕೋರ್ಟಿಗೆ ಅಲೆಯೋದು ತಗೊಂಡೋರು. ಸಬ್ ರಿಜಿಸ್ಟ್ರಾರ್ ಕಡಿಂದ ಇಸಿ (ಋಣಭಾರ ಪತ್ರ) ತೆಗಸ್ರಿ, 13 ವರ್ಷದ್ದು ಬ್ಯಾಡ, 30 ವರ್ಷದ್ದು ತೆಗಸ್ರಿ, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನ್ಯಾಗನೇ ಅರ್ಜಿ ಹಾಕಬಹುದು. ಲೇಔಟು 500 ಚದರ ಮೀಟರ್‌ಗಿಂತ ದೊಡ್ಡದಿದ್ರ ಸಾಮಾನ್ಯವಾಗಿ ರೇರಾದಾಗ, ಅಂದ್ರ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಾಗ, ನೋಂದಣಿ ಬೇಕು, ಅದೂ ಆನ್‌ಲೈನಿನ್ಯಾಗ ಕಾಣತೈತಿ. ಇಷ್ಟೂ ಕಾಗದ ಒಬ್ಬ ವಕೀಲರ ಕೈಯಾಗ ಕೊಡ್ರಿ, ಮಾರೋರು ತೋರಸಿದ ವಕೀಲರು ಬ್ಯಾಡ, ನೀವು ಹುಡುಕಿದೋರು.

ಅಡ್ವಾನ್ಸ್ ನಗದು ಕೊಡಬ್ಯಾಡ್ರಿ. ಆಸ್ತಿ ವ್ಯವಹಾರದಾಗ 20 ಸಾವಿರ, ಅದಕ್ಕ ಮ್ಯಾಲೆ ನಗದು ತಗೊಂಡ್ರ ತಗೊಂಡೋರಿಗೆ ಅಷ್ಟೇ ದಂಡ ಬೀಳತೈತಿ, ಮತ್ತ ವ್ಯವಹಾರ ಮುರದ್ರ ನಿಮ್ಮ ಕಡಿ ಕೊಟ್ಟಿದ್ದಕ್ಕ ಪುರಾವೆ ಇರಂಗಿಲ್ಲ.

ಪ್ರಶ್ನೆ: ರಾಯಚೂರಿನ್ಯಾಗ ಕೃಷಿ ವಿಶ್ವವಿದ್ಯಾಲಯ ಐತಿ, ಐಐಐಟಿ ಬಂದೈತಿ, ಶಕ್ತಿನಗರದಾಗ ಆರ್‌ಟಿಪಿಎಸ್ ವಿದ್ಯುತ್ ಸ್ಥಾವರ ಐತಿ. ಇಷ್ಟು ಜನ ಇರುವಾಗ ಎಲ್ಲಿ ಮನಿ ತಗೊಂಡ್ರೂ ಬಾಡಿಗಿ ಗ್ಯಾರಂಟಿ ಅಲ್ಲೇನ್ರಿ?

ಉತ್ತರ: ಸಂಸ್ಥೆ ಹೆಸರು ನೋಡಿ ಮನಿ ತಗೋಬ್ಯಾಡ್ರಿ, ಅಲ್ಲಿ ಹೊರಗ ಮನಿ ಹುಡುಕೋರು ಯಾರು ಅಂತ ನೋಡ್ರಿ. ಶಕ್ತಿನಗರದಾಗ ಪರ್ಮನೆಂಟ್ ನೌಕರರಿಗೆ ಕಾಲೋನಿ ಕ್ವಾರ್ಟರ್ಸ್ ಅದಾವ, ಹೊರಗ ಮನಿ ಕೇಳೋರು ಹೆಚ್ಚಾಗಿ ಗುತ್ತಿಗಿ ಕೆಲಸದೋರು. ಅವ್ರಿಗೆ ಬೇಕಾಗಿರೋದು ಸಣ್ಣ ಮನಿ, ಕಡಿಮಿ ಬಾಡಿಗಿ, ಬಾಗಲ ಮುಂದ ಬೈಕ್ ನಿಲ್ಲಸಾಕ ಜಾಗ. ಅಲ್ಲಿ ತ್ರಿಬಲ್ ಬೆಡ್‌ರೂಮ್ ಕಟ್ಟಿ ಕುಂತ್ರ ಬರೋರು ಸಿಗಾಕಿಲ್ಲ. ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಇರ್ತಾವ, ಹೊರಗ ಬರೋರು ಕೆಲವ್ರು. ನಾನಾದ್ರ ಆಸ್ಪತ್ರಿ, ಬಸ್ ಸ್ಟ್ಯಾಂಡ್, ಚಲೋ ಶಾಲಿ, ಇವುಕ್ಕ ನಡಕೊಂಡು ಹೋಗುವಷ್ಟು ದೂರದಾಗ ಸಿಂಗಲ್ ಬೆಡ್‌ರೂಮಿನ ಎರಡು ಪೋರ್ಷನ್ ನೋಡ್ತಿದ್ದೆ, ಒಂದು ಖಾಲಿ ಇದ್ರೂ ಇನ್ನೊಂದು ನಡೀತೈತಿ. ಒಂದು ಭಾನುವಾರ ಆ ಓಣ್ಯಾಗ ಸುಮ್ನ ಅಡ್ಡಾಡ್ರಿ, ಎಷ್ಟು ಮನಿಗೆ ಟು-ಲೆಟ್ ಬೋರ್ಡ್ ಐತಿ ಎಣಸ್ರಿ, ಕಿರಾಣಿ ಅಂಗಡಿಯವ್ರನ್ನ ಎಷ್ಟು ದಿನದಿಂದ ತೂಗಾಡ್ತೈತಿ ಅಂತ ಕೇಳ್ರಿ. ಯಾವ ಬ್ರೋಕರ್‌ಗಿಂತ ಅವ್ರಿಗೆ ಚಲೋ ಗೊತ್ತಿರತೈತಿ.

ಪ್ರಶ್ನೆ: ನಾನು ಸಿಂಧನೂರಿನ ಹೆಣ್ಮಗಳು, ಯಜಮಾನ್ರು ತೀರಿಕೊಂಡು ಮೂರು ವರ್ಷ ಆತು. ಮ್ಯಾಲಿನ ಮನ್ಯಾಗ ಬಾಡಿಗಿದೋರು ಏಳು ವರ್ಷದಿಂದ ಅದಾರ, ಕರಾರು ಪತ್ರ ಏನೂ ಇಲ್ಲ. 12 ವರ್ಷ ಆದ್ರ ಮನಿ ಅವ್ರದೇ ಆಗ್ತೈತಿ ಅಂತ ಮಂದಿ ಹೆದರಸ್ತಾರ. ಈಗ ಅವ್ರು ಒಮ್ಮೆಲೇ 5 ಲಕ್ಷ ಇಟ್ಕೊಂಡು ಮನಿ ಭೋಗ್ಯಕ್ಕ ಕೊಡ್ರಿ, ಬಿಡುವಾಗ ಅಷ್ಟೂ ವಾಪಸ್ ಕೊಡ್ರಿ, ತಿಂಗಳ ಬಾಡಿಗಿ ಬ್ಯಾಡ ಅಂತಾರ. ನನಗ ಆ ಬಾಡಿಗಿನೇ ಸಂಸಾರಕ್ಕ ಆಧಾರ.

ಉತ್ತರ: ತಂಗೀ, ಮೊದ್ಲು ಧೈರ್ಯ ತಗೋ. ಬಾಡಿಗಿ ಕೊಟ್ಟು ಇರೋರು ಎಷ್ಟು ವರ್ಷ ಇದ್ರೂ ಮಾಲೀಕರು ಆಗಂಗಿಲ್ಲ. ಆ 12 ವರ್ಷದ ಮಾತು, ಮಾಲೀಕರ ಒಪ್ಪಿಗಿ ಇಲ್ಲದೇ ಎದುರು ನಿಂತು ಇದು ನನ್ನದು ಅಂತ ಕುಂತೋರಿಗೆ. ನಿನ್ನ ಒಪ್ಪಿಗಿ ಮ್ಯಾಲೆ ಬಂದು ಬಾಡಿಗಿ ಕೊಡೋರು ಆ ಹಕ್ಕು ಕೇಳಾಕ ಬರಂಗಿಲ್ಲ. ಆದ್ರ ಬಾಡಿಗಿ ಕೊಡ್ತಾರ ಅನ್ನೋದಕ್ಕ ಪುರಾವೆ ನಿನ್ನ ಕಡಿ ಇರಬೇಕು, ಅದಕ್ಕ ಈ ತಿಂಗಳಿಂದ ನಗದು ಬ್ಯಾಡ, ನಿನ್ನ ಅಕೌಂಟಿಗೆ ಫೋನ್‌ಪೇ ಮಾಡು ಅನ್ನು, ಮೆಸೇಜಿನ್ಯಾಗ ಇಂಥಾ ತಿಂಗಳ ಬಾಡಿಗಿ ಅಂತ ಬರೀಲಿ. ಹಂಗೇ ಮನಿ ಖಾತಾ ನಿನ್ನ ಹೆಸರಿಗೆ ಆಗೈತೇನು ನೋಡು, ಆಗಿಲ್ಲಂದ್ರ ಅದೇ ಮೊದಲ್ನೇ ಕೆಲಸ.

ಆಮ್ಯಾಲೆ 11 ತಿಂಗಳ ಕರಾರು ಪತ್ರ ಮಾಡಸು. ವರ್ಷ ದಾಟಿದ ಕರಾರು ಸಬ್ ರಿಜಿಸ್ಟ್ರಾರ್ ಕಡಿ ನೋಂದಣಿ ಆಗಬೇಕು, ಅದಕ್ಕ ಎಲ್ಲಾರೂ 11 ತಿಂಗಳು ಬರೆಸ್ತಾರ. ಅದರಾಗ ಬಾಡಿಗಿ ಎಷ್ಟು, ಯಾವ ತಾರೀಖಿಗೆ, ವರ್ಷಕ್ಕ ಎಷ್ಟು ಏರಸೋದು, ಅಡ್ವಾನ್ಸ್ ಎಷ್ಟು, ಬಿಡೋ ಮುಂದ ಎಷ್ಟು ದಿನ ಮೊದ್ಲು ಹೇಳಬೇಕು, ಸುಣ್ಣ ಬಣ್ಣದ ಖರ್ಚು ಯಾರದು, ಎಲ್ಲಾ ಬರೆಸು. ಗೃಹಜ್ಯೋತಿ ಯೋಜನಿ ಬಾಡಿಗಿದೋರಿಗೂ ಐತಿ, ಮೀಟರ್ ಬ್ಯಾರೆ ಇದ್ರ ಅವ್ರೇ ತಮ್ಮ ಆಧಾರ್ ಕೊಟ್ಟು ಮಾಡಿಸಿಕೊಳ್ತಾರ, ಬಿಟ್ಟು ಹೋಗುವಾಗ ಮಾತ್ರ ಆ ಮೀಟರಿನ ಆರ್‌ಆರ್ ನಂಬರಿನಿಂದ ಅವ್ರ ಆಧಾರ್ ಡಿಲಿಂಕ್ ಮಾಡಿಸಿ ಕಳಸು, ಇಲ್ಲಂದ್ರ ಮುಂದ ಬರೋರಿಗೆ ತೊಡಕು.

ಭೋಗ್ಯ ಬ್ಯಾಡ. ಕೈತುಂಬ 5 ಲಕ್ಷ ಬರೋದು ಖುಷಿ ಅನಸತೈತಿ, ಆದ್ರ ಅದು ನಿನ್ನ ದುಡ್ಡಲ್ಲ, ಸಾಲ. ಮಗಳ ಫೀಜು, ಮನಿ ರಿಪೇರಿ, ಯಾರದೋ ಲಗ್ನ ಅಂತ ಖರ್ಚಾಗ್ತೈತಿ, ಮೂರು ವರ್ಷ ಬಿಟ್ಟು ಅವ್ರು ದುಡ್ಡು ಕೊಡ್ರಿ ಬಿಡ್ತೀವಿ ಅಂದಾಗ ಎಲ್ಲಿಂದ ತರ್ತೀ? ದುಡ್ಡು ಕೊಡೋ ತನಕ ಅವ್ರು ಬಿಡಂಗಿಲ್ಲ, ಅದು ಅವ್ರ ತಪ್ಪೂ ಅಲ್ಲ. ನಾನು ಬ್ಯಾಂಕಿನ್ಯಾಗ ಇದ್ದಾಗ ಭೋಗ್ಯದ ದುಡ್ಡು ವಾಪಸ್ ಕೊಡಾಕ ಬಂಗಾರ ಅಡಾ ಇಡಾಕ ಬಂದ ಹೆಣ್ಮಕ್ಕಳನ್ನ ಎಷ್ಟು ಮಂದಿ ನೋಡೀನೋ, ಲೆಕ್ಕ ಇಲ್ಲ.

ಅವ್ರನ್ನ ಬಿಡಸಬೇಕು ಅನಸಿದ್ರೂ ನೀರು, ಕರೆಂಟ್ ಬಂದ್ ಮಾಡಬ್ಯಾಡ, ಅದು ಕಾನೂನಿಗೆ ವಿರುದ್ಧ, ಕೇಸ್ ನಿನ್ನ ಮ್ಯಾಲೇ ಬೀಳತೈತಿ. ವಕೀಲರ ಕಡಿಂದ ಲಿಖಿತ ನೋಟಿಸ್ ಕೊಡಸು. ತಾಲೂಕ ಕೋರ್ಟಿನ್ಯಾಗ ಕಾನೂನು ಸೇವಾ ಸಮಿತಿ ಐತಿ, ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಅಲ್ಲಿ ವಕೀಲರ ನೆರವು ಪುಕ್ಕಟೆ. ಮುಂದ ಹೊಸಬ್ರಿಗೆ ಕೊಡುವಾಗ ಅವ್ರ ಹಿಂದಿನ ಮನಿ ಮಾಲೀಕರಿಗೆ ಒಂದು ಫೋನ್ ಹಚ್ಚು. ಜಾತಿ ಕೇಳಬ್ಯಾಡ, ಏನು ಉಣ್ತಾರ ಅಂತ ಕೇಳಬ್ಯಾಡ, ಜಾತಿ ಕೇಳಿ ಬಾಗಲಾ ಮುಚ್ಚಿದ ಮನ್ಯಾಗ ಬಾಡಿಗಿ ಬಾಕಿ ಉಳಿಸಿ ಹೋದೋರನ್ನೂ ನೋಡೀನಿ, ಯಾರೂ ಕೊಡದ ಸಂಸಾರಕ್ಕ ನಾನು ಕೊಟ್ಟ ಮನ್ಯಾಗ ಒಂದು ತಿಂಗಳೂ ತಪ್ಪದೇ ಕೊಟ್ಟೋರನ್ನೂ ನೋಡೀನಿ.

ಪ್ರಶ್ನೆ: ಬಾಡಿಗಿಗೆ ಟ್ಯಾಕ್ಸ್ ಹೆಂಗ್ರಿ? ಮತ್ತ ಬಳ್ಳಾರಿ ಕೌಲ್ ಬಜಾರ್ ಕಡಿ ನಮ್ಮದೊಂದು ಮ್ಯಾಲಿನ ಮನಿ, ಪ್ರತಿ ವರ್ಷ ಮೇ ತಿಂಗಳಾಗೇ ಬಾಡಿಗಿದೋರು ಬಿಟ್ಟು ಹೋಗ್ತಾರ, ಏನ್ ಮಾಡೂದು?

ಉತ್ತರ: ಟ್ಯಾಕ್ಸ್ ಸಣ್ಣ ಲೆಕ್ಕ. ವರ್ಷಕ್ಕ 1,44,000 ಬಾಡಿಗಿ ಬಂತು ಅನ್ರಿ, ನೀವು ಕಟ್ಟಿದ ಮನಿ ತೆರಿಗಿ 4 ಸಾವಿರ ತೆಗದ್ರ 1,40,000, ಅದರಾಗ 30 ಪರ್ಸೆಂಟ್ ಅಂದ್ರ 42 ಸಾವಿರ ರಿಪೇರಿಗೆ ಅಂತ ಸರ್ಕಾರನೇ ಬಿಡತೈತಿ, ರಸೀದಿ ಬ್ಯಾಡ. ಉಳಿದ 98 ಸಾವಿರ ನಿಮ್ಮ ಆದಾಯಕ್ಕ ಸೇರತೈತಿ, ಮನಿ ಸಾಲ ಇದ್ರ ಬಡ್ಡಿನೂ ಅದರಾಗ ಕಳೀಬಹುದು. ಬಡ್ಡಿ ಬಾಡಿಗಿಗಿಂತ ಜಾಸ್ತಿ ಇದ್ರ ಹಳೇ ಪದ್ಧತ್ಯಾಗ 2 ಲಕ್ಷದ ತನಕ ಪಗಾರದಾಗ ಕಳಿಯಾಕ ಬರ್ತೈತಿ, ಹೊಸ ಪದ್ಧತ್ಯಾಗ ಬರಂಗಿಲ್ಲ. ಮನಿ ತೆರಿಗಿ ಏಪ್ರಿಲ್ ತಿಂಗಳಾಗೇ ಕಟ್ರಿ, 5 ಪರ್ಸೆಂಟ್ ರಿಯಾಯ್ತಿ ಐತಿ.

ಮೇ ತಿಂಗಳದ್ದು ಮಾತ್ರ ನನಗ ಪಕ್ಕಾ ಅನುಭವ ಐತಿ. ಒಂದು ಮಧ್ಯಾಹ್ನ ಮೂರು ಗಂಟೆಗೆ ಆ ಮನ್ಯಾಗ ಹೋಗಿ ಅರ್ಧ ತಾಸು ಕುಂದ್ರಿ, ಫ್ಯಾನ್ ಹಾಕೊಂಡೇ ಕುಂದ್ರಿ. ಮ್ಯಾಲಿನ ಸ್ಲ್ಯಾಬು ಹಗಲೆಲ್ಲಾ ಕಾದು ರಾತ್ರಿ ಹನ್ನೊಂದರ ತನಕ ಕೆಳಗ ಬಿಸಿ ಬಿಡತೈತಿ, ಫ್ಯಾನು ಅದೇ ಬಿಸಿಗಾಳಿ ತಿರಗಸತೈತಿ, ಸಣ್ಣ ಮಕ್ಕಳು ಇರೋ ಮನ್ಯಾಗ ಹೆಂಗ ಇರಬೇಕು ಅವ್ರು? ಅವ್ರು ಬಿಟ್ಟು ಹೋಗೋದು ಬಾಡಿಗಿ ಜಾಸ್ತಿ ಅಂತಲ್ಲ. ಮಾರ್ಚ್ ಮುಗಿಯೋದ್ರಾಗ ತಾರ್ಸಿ ಉಜ್ಜಿ ತೊಳದು ಬಿಳೇ ಕೂಲ್ ರೂಫ್ ಪೇಂಟ್ ಎರಡು ಕೋಟ್ ಹೊಡಸ್ರಿ, ದುಡ್ಡು ಇಲ್ಲಂದ್ರ ಸುಣ್ಣನೇ ದಪ್ಪಗ ಹೊಡಸ್ರಿ, ಅದೂ ಕೆಲಸ ಮಾಡತೈತಿ ಆದ್ರ ಪ್ರತಿ ವರ್ಷ ಹೊಡಿಬೇಕು. ಕರೇ ಬಣ್ಣದ ಸಿಂಟೆಕ್ಸ್ ಟ್ಯಾಂಕಿಗೆ ಮ್ಯಾಲೊಂದು ನೆರಳು ಮಾಡಸ್ರಿ, ಇಲ್ಲಂದ್ರ ಮಧ್ಯಾಹ್ನ ನಲ್ಲಿ ತಿರಗಿಸಿದ್ರ ಕೈ ಸುಡೋ ನೀರು ಬರ್ತೈತಿ. ಪಡುವಣ ಕಿಟಕಿಗೆ ಹೊರಗಿಂದ ಸಜ್ಜಾ ಇಲ್ಲಂದ್ರ ಒಂದು ತಟ್ಟಿ ಕಟ್ಟಸ್ರಿ. ಈಗ ಇರೋ ಬಾಡಿಗಿದೋರು ಬಿಡೂದಕ್ಕ ಮೊದ್ಲೇ ಇಷ್ಟು ಮಾಡಸ್ರಿ, ಮಾಡಸ್ತೀವಿ ಅಂತ ಇವತ್ತೇ ಮ್ಯಾಲೆ ಹೋಗಿ ಅವ್ರಿಗೆ ಹೇಳ್ರಿ.